ನನ್ನ ಕಾಯಿಲೆ ಸಾಲದೆಂದ ಪ್ರಶ್ನಾವಳಿಗೆ

ಮಾನ್ಯ ಪ್ರಶ್ನಾವಳಿ ಮಹೋದಯರೇ,

ಕೋಲ್ಕತ್ತದ ಸದರ್ನ್ ಅವೆನ್ಯೂವಿನ ಮೂರನೇ ಮಹಡಿಯಿಂದ ವಿಶಾಲಾಕ್ಷಿಯ ಸಾಷ್ಟಾಂಗ ನಮಸ್ಕಾರಗಳು. ಮೊಣಕಾಲು ಬಗ್ಗದ ಕಾರಣ ಕುರ್ಚಿಯಲ್ಲಿ ಕುಳಿತೇ ಸಲ್ಲಿಸುತ್ತಿದ್ದೇನೆ, ಉದ್ಧಟತನವೆಂದು ಭಾವಿಸಬಾರದು.

ಮೈಯ ಕಾಯಿಲೆಯನ್ನೂ ಮನಸ್ಸಿನ ಕಾಯಿಲೆಯನ್ನೂ ವರ್ಷಗಟ್ಟಲೆ ಹೊತ್ತು ಬದುಕುವವರ ಬಗ್ಗೆ ನರ್ಸಿಂಗ್ ಸಂಶೋಧನೆ ಮಾಡುತ್ತಿರುವ ತನ್ಮಯಿ ಎಂಬ ಹುಡುಗಿಯ ಕೈಯಲ್ಲಿ, ಅರವತ್ತನಾಲ್ಕು ಪ್ರಶ್ನೆಗಳ ಸಮೇತ, ತಾವು ಹೋದ ಮಂಗಳವಾರ ನಮ್ಮ ಮನೆಗೆ ದಯಮಾಡಿಸಿದಿರಿ. ನನ್ನ ಹನ್ನೊಂದು ವರ್ಷದ ಸಂಧಿವಾತಕ್ಕೂ ಆರು ವರ್ಷದ ಖಿನ್ನತೆಗೂ ಒಟ್ಟಿಗೆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಯವರೆಗೆ ಮನಸ್ಸಿನ ಮಾತೆತ್ತಿದರೆ ಮೂಳೆ ಡಾಕ್ಟರು ಗಡಿಯಾರ ನೋಡುತ್ತಿದ್ದರು, ಮನಸ್ಸಿನ ಡಾಕ್ಟರು ನನ್ನ ಮೊಣಕಾಲನ್ನು ಪಕ್ಕದ ಮನೆಯವರದೆಂಬಂತೆ ಕಾಣುತ್ತಿದ್ದರು. ಆಯ್ಕೆಯಾದವರ ಮನೆಗೆ ಆರು ತಿಂಗಳು ಪ್ರತಿ ವಾರವೂ ತನ್ಮಯಿ ಬರುತ್ತಾಳೆಂದು ಕೇಳಿದಾಗಲಂತೂ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಬರುವವಳು ಕನ್ನಡದ ಹುಡುಗಿ, ಇಲ್ಲೇ ಹುಟ್ಟಿ ಬೆಳೆದು ಅರೆಬರೆಯಾದರೂ ನಮ್ಮ ಮಾತಾಡುವವಳು. ಅವಳನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಧಾರವಾಡದವಳೆಂದು ನಾನು ಹೇಗೆ ತಲೆ ಎತ್ತಲಿ? ನೋವಿನ ಗುಳಿಗೆ ಎರಡು ನುಂಗಿ, ಹಲ್ಲು ಕಚ್ಚಿ ಶಿರಾ, ಉಪ್ಪಿಟ್ಟು, ಮಿರ್ಚಿ ಭಜಿ ಮಾಡಿ, ಇಳಕಲ್ ಸೀರೆ ಉಟ್ಟು ನಗುನಗುತ್ತಾ ಬಾಗಿಲು ತೆರೆದೆ. “ಆಂಟಿ, ಶಿರಾ ಸೂಪರ್ ಇದೆ, ಬಟ್ ಯಾಕೆ ಇಷ್ಟೊಂದು ಕಷ್ಟ?” ಎಂದಳು. “ಅಯ್ಯ, ಇದರಾಗೇನ ಕಷ್ಟವ್ವಾ!” ಎಂದುಬಿಟ್ಟೆ ನಾನು.

ತಾವು ಎಲ್ಲವನ್ನೂ ಗಂಭೀರವಾಗಿ ತುಂಬಿಸಿಕೊಂಡಿರಿ. ಅಡುಗೆ: ಯಾರ ನೆರವೂ ಬೇಕಿಲ್ಲ. ಉಡುಪಿನಲ್ಲಿ ಆಸಕ್ತಿ: ಇದೆ. ಮುಖಭಾವ: ಪ್ರಸನ್ನ. ಕೊನೆಗೆ ಅಂಕ ಕೂಡಿಸಿ, ಸಂಶೋಧನೆಗೆ ಬೇಕಾದಷ್ಟು ಕಾಯಿಲೆ ಇವರಲ್ಲಿಲ್ಲವೆಂದು ತೀರ್ಪಿತ್ತಿರಿ. ಆಹಾ, ಎಂಥ ಕೈಗುಣ! ಇಷ್ಟು ವರ್ಷ ಯಾವ ಡಾಕ್ಟರಿಗೂ ಆಗದ್ದನ್ನು ತಾವು ಒಂದು ತಟ್ಟೆ ಶಿರಾದ ಬಲದಿಂದ ಸಾಧಿಸಿದಿರಿ. ತಮ್ಮನ್ನೇ ಮಡಿಚಿ ಮೊಣಕಾಲಿಗೆ ಕಟ್ಟಿಕೊಳ್ಳೋಣವೆಂದಿದ್ದೇನೆ. ರೈಲ್ವೆಯಿಂದ ನಿವೃತ್ತರಾದ ನಮ್ಮ ಮನೆಯವರು, ರಾಜಗೋಪಾಲರು, “ಬ್ಯಾನಿ ಪರೀಕ್ಷಾದಾಗೂ ಫೇಲಾದಿ ನೋಡು!” ಎಂದು ನಕ್ಕರು. ನನಗೆ ನಗು ಬರಲಿಲ್ಲ, ಆ ಹುಡುಗಿ ವಾರವಾರ ಬರಬೇಕಿತ್ತು.

ಆದ್ದರಿಂದ ದಯವಿಟ್ಟು ನನಗೊಂದು ಮರುಪರೀಕ್ಷೆ ಏರ್ಪಡಿಸಬೇಕಾಗಿ ಪ್ರಾರ್ಥನೆ. ಈ ಸಲ ತಲೆ ಬಾಚುವುದಿಲ್ಲ, ಒಂದು ಲೋಟ ನೀರೂ ಕೊಡುವುದಿಲ್ಲ, ಆಣೆ ಮಾಡುತ್ತೇನೆ. ನಂಬಿಕೆಯಾಗದಿದ್ದರೆ ತನ್ಮಯಿಯನ್ನು ಕಿಟಕಿಯಿಂದ ಒಳಗಿಳಿಸಿ. ಬಾಗಿಲಿನಿಂದ ಬಂದರೆ ಅತಿಥಿಯಾಗುತ್ತಾಳೆ, ಅತಿಥಿಯಾದರೆ ನನ್ನ ಕೈ ಸುಮ್ಮನಿರುವುದಿಲ್ಲ.

ತಮ್ಮ ವಿಶ್ವಾಸಿ, ಆದರೆ ಸಾಲುವಷ್ಟು ರೋಗಿಯಲ್ಲದ,
ವಿಶಾಲಾಕ್ಷಿ

ಮರೆತ ಮಾತು: ತಾವು ಹೋದ ಮೇಲೆ ಮೂರು ದಿನ ನಾನು ಹಾಸಿಗೆಯಿಂದ ಏಳಲಿಲ್ಲ, ಎರಡನೆಯ ದಿನವಿಡೀ ಸುಮ್ಮನೆ ಅತ್ತೆ. ಅತಿಥಿ ಹೋದ ಮೇಲೆ ಏನಾಯಿತೆಂದು ತಮ್ಮ ಅರವತ್ತನಾಲ್ಕರಲ್ಲಿ ಒಂದು ಪ್ರಶ್ನೆಯೂ ಕೇಳುವುದಿಲ್ಲ. ಜಾಗ ಸಾಲಲಿಲ್ಲವೆಂದು ಹೇಳಬೇಡಿ. ತಮ್ಮ ಬೆನ್ನು ಪೂರ್ತಿ ಖಾಲಿಯಿರುವುದನ್ನು ಕಣ್ಣಾರೆ ನೋಡಿದ್ದೇನೆ.