ಯಾರಾದರೂ ಒಂದು ಗೋಲ್ ಹೊಡೆಯಿರಿ

ಕುವೈತಿನಲ್ಲಿ ನೌಕರಿ ಹಿಡಿದವನಿಗೆ ಕರಾರಿನಲ್ಲಿ ಇಲ್ಲದ ಕೆಲಸಗಳು ಒಂದೊಂದಾಗಿ ಬಂದು ಅಂಟಿಕೊಳ್ಳುತ್ತಲೇ ಇರುತ್ತವೆ. ನಾನು ಶುವೈಖ್‌ನಲ್ಲಿ ಏಸಿಯ ಬಿಡಿಭಾಗ ಮಾರುವ ಕಂಪನಿಯೊಂದರ ಸೇಲ್ಸ್‌ನವನು. ಹೊರಗಿನ ಸೆಕೆಯೇ ನಮ್ಮ ಅನ್ನದಾತ. ಅಂಥ ನಮಗೆ ಈ ವರ್ಷ ಹೊಸದಾಗಿ ವಹಿಸಿದ ಜವಾಬ್ದಾರಿ, ಐಸ್ ಹಾಕಿಯ ಅಭಿಮಾನಿಗಳಾಗುವುದು.

ಕಂಪನಿಗೆ ಮಾಲೀಕರು ಇಬ್ಬರು, ಅಣ್ಣತಮ್ಮಂದಿರು. ನಮ್ಮ ಬಾಯಲ್ಲಿ ದೊಡ್ಡ ಮುದೀರ್, ಸಣ್ಣ ಮುದೀರ್. ಹಗಲು ಒಂದೇ ಕೋಣೆಯಲ್ಲಿ ಕೂತು ವ್ಯಾಪಾರ ಮಾಡುತ್ತಾರೆ, ಸಂಜೆ ಒಳಾಂಗಣದ ಐಸ್ ಅಂಕಣದಲ್ಲಿ ಎದುರಾಳಿ ತಂಡಗಳಿಗೆ ಹಾಕಿ ಆಡುತ್ತಾರೆ. ಅಣ್ಣ ನೀಲಿ ತಂಡದ ಗೋಲ್‌ಕೀಪರ್. ತಮ್ಮ ಕೆಂಪು ತಂಡದಲ್ಲಿ ಗೋಲ್ ಹೊಡೆಯುವವರು. ಈ ಸಲ ಫೈನಲಿಗೆ ಬಂದದ್ದು ಅವೇ ಎರಡು ತಂಡ. ಅದೂ ಒಂದು ಪಂದ್ಯದಲ್ಲಿ ಮುಗಿಯುವ ಫೈನಲ್ ಅಲ್ಲ. ಮೊದಲು ಮೂರು ಪಂದ್ಯ ಗೆದ್ದವರಿಗೆ ಕಪ್.

ಎರಡು ಬಣ್ಣದ ಮಫ್ಲರ್

ಮೊದಲ ಪಂದ್ಯದ ಬೆಳಿಗ್ಗೆ ದೊಡ್ಡ ಮುದೀರ್ ಎಲ್ಲರಿಗೂ ನೀಲಿ ಮಫ್ಲರ್ ಹಂಚಿದರು. ಮಧ್ಯಾಹ್ನ ಸಣ್ಣ ಮುದೀರ್ ಕೆಂಪು ಮಫ್ಲರ್ ಹಂಚಿದರು. ಯಾವುದನ್ನು ಹಾಕಿಕೊಳ್ಳಬೇಕೆಂದು ಇಬ್ಬರೂ ಹೇಳಲಿಲ್ಲ. ಅವರು ಅಷ್ಟು ದೊಡ್ಡ ಮನಸ್ಸಿನವರು.

ದಾರಿ ತೋರಿಸಿದ್ದು ನಮ್ಮ ಡ್ರೈವರ್, ಬಂಟ್ವಾಳದ ಕಡೆಯ ಬ್ಯಾರಿ. ಪರಿಚಯದ ಟೇಲರ್ ಹತ್ತಿರ ಹೋಗಿ ಎರಡೂ ಮಫ್ಲರನ್ನು ಬೆನ್ನಿಗೆ ಬೆನ್ನು ಕೂಡಿಸಿ ಹೊಲಿಸಿಕೊಂಡು ಬಂದ. ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಯಾರು ಈ ಕಡೆ ನೋಡುತ್ತಾರೋ ನೋಡಿ ತಿರುಗಿಸಿದರಾಯಿತು. ಸಂಜೆಯೊಳಗೆ ಇಡೀ ಆಫೀಸು ಅದನ್ನೇ ಧರಿಸಿತ್ತು.

ಪಂದ್ಯದ ನಡುವೆ ಡ್ರೈವರ್ ಸಿಕ್ಕಿಬಿದ್ದ. ಅವನು ತಿರುಗಿಸುವ ಹೊತ್ತಿಗೇ ದೊಡ್ಡ ಮುದೀರ್ ಐಸಿನ ಅಂಚಿಗೆ ಬಂದು ನಿಂತಿದ್ದರು. ಕೈ ಚಾಚಿ ಮಫ್ಲರ್ ತೆಗೆದುಕೊಂಡು ಮಗುಚಿ ಮಗುಚಿ ನೋಡಿದರು. ನಾವೆಲ್ಲ ನಮ್ಮ ನಮ್ಮ ಮಫ್ಲರ್ ಬಿಚ್ಚಿ ಜೇಬಿಗೆ ತುರುಕಿದೆವು.

"ಇಂಥದ್ದು ಇನ್ನೊಂದು ಹೊಲಿಸು," ಎಂದರು. "ನಮ್ಮ ಅಮ್ಮನಿಗೆ ಬೇಕು."

ಹುಡುಗ ತಗೊಳ್ತಾನಾ?

ಇಷ್ಟರ ನಡುವೆ ನಮ್ಮ ಸ್ಟೋರ್‌ಕೀಪರ್‌ನ ಮದುವೆ ನಿಶ್ಚಯವಾಗಿತ್ತು. ಮೂವತ್ತು ದಾಟಿದ ಮೇಲೆ ಕೂಡಿಬಂದ ಸಂಬಂಧ, ಹುಡುಗಿ ಕಾರ್ಕಳದವಳು. ಅವನು ರಜೆ ಕೇಳಲು ಹೋದ. ನಮ್ಮಲ್ಲಿ ರಜೆಗೆ ಮುದೀರರು ಇಬ್ಬರೂ ಹೂಂ ಎನ್ನಬೇಕು. ಅಣ್ಣ, "ಸೀರೀಸ್ ಮುಗಿಯಲಿ, ನೋಡುವ" ಎಂದರು. ತಮ್ಮ, "ಸೀರೀಸ್ ಮುಗಿಯಲಿ, ನೋಡುವ" ಎಂದರು. ಅವರು ಒಮ್ಮತಕ್ಕೆ ಬರುವುದು ಬಹಳ ಅಪರೂಪ.

ಸ್ಟೋರ್‌ಕೀಪರ್ ಊರಿಗೆ ಫೋನ್ ಮಾಡಿ ಭಾವೀ ಮಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಐಸಿನ ಮೇಲೆ ಹಾಕಿ ಆಡುತ್ತಿದ್ದಾರೆ, ಅದು ಮುಗಿಯದೆ ಹೊರಡುವ ಹಾಗಿಲ್ಲ ಎಂದ. ಮರುದಿನ ಆ ಮಾವನವರು ನನಗೆ ಫೋನ್ ಮಾಡಿದರು.

"ನೀವು ಹಿರಿಯರು, ನಿಮ್ಮತ್ರ ಕೇಳುವುದರಲ್ಲಿ ತಪ್ಪಿಲ್ಲ. ಕುವೈತಿನಲ್ಲಿ ಐಸು ಉಂಟಾ?"

"ಉಂಟು," ಎಂದೆ. "ಬೇಕಾದಷ್ಟು ಉಂಟು. ಸಂಜೆ ಹೊತ್ತು ಎಲ್ಲರೂ ಅಲ್ಲೇ ಇರುತ್ತೇವೆ."

ಅವರು ದನಿ ತಗ್ಗಿಸಿದರು. "ಹಾಗಾದರೆ ಸೀದಾ ಹೇಳಿ. ಹುಡುಗ ದಿನಾ ತಗೊಳ್ತಾನಾ?"

ಪಕ್ಷಾಂತರ

ಸ್ಟೋರ್‌ಕೀಪರ್‌ಗೆ ನೀಲಿಯೂ ಬೇಡ, ಕೆಂಪೂ ಬೇಡ. ಸೀರೀಸ್ ಬೇಗ ಮುಗಿದರೆ ಸಾಕು. ಆದ್ದರಿಂದ ಅವನು ಒಂದು ನೀತಿ ಇಟ್ಟುಕೊಂಡ. ಮುಂದಿರುವವರೇ ಅವನ ತಂಡ.

ಮೊದಲ ಪಂದ್ಯ ನೀಲಿ ಗೆದ್ದಿತು. ಎರಡನೆಯದರಲ್ಲಿ ಅವನಷ್ಟು ದೊಡ್ಡ ನೀಲಿ ಅಭಿಮಾನಿ ಇಡೀ ಕುವೈತಿನಲ್ಲಿ ಇರಲಿಲ್ಲ. ಅದನ್ನು ಕೆಂಪು ಗೆದ್ದಿತು, ಮೂರನೆಯದನ್ನೂ ಗೆದ್ದಿತು. ನಾಲ್ಕನೆಯದಕ್ಕೆ ಅವನು ಕೆಂಪಿನ ಸಾಲಿನಲ್ಲಿ ಕೂತು ಗಂಟಲು ಹರಿದುಕೊಂಡ. ಅದನ್ನು ನೀಲಿ ಗೆದ್ದಿತು. ಎರಡು, ಎರಡು.

"ಅವನು ಯಾವ ಕಡೆ ಕೂಗುತ್ತಾನೋ ಆ ಕಡೆ ಸೋಲುತ್ತದಲ್ಲ!" ಎಂದು ಡ್ರೈವರ್ ಗೊಣಗಿದ.

ನಮ್ಮ ರಾಜ್ಯದಲ್ಲಿ ಇಷ್ಟು ಸಲ ಕಡೆ ಬದಲಿಸಿದವನಿಗೆ ಒಂದು ಖಾತೆಯಾದರೂ ಸಿಗುತ್ತಿತ್ತು. ಪಾಪ, ಇವನಿಗೆ ಬರಿಯ ರಜೆಯೂ ಸಿಗಲಿಲ್ಲ.

ಮಾವನ ತನಿಖೆ

ಆ ನಾಲ್ಕನೆಯ ಪಂದ್ಯಕ್ಕೆ ನಮ್ಮೊಂದಿಗೆ ಒಬ್ಬ ಅತಿಥಿಯೂ ಇದ್ದರು. ಹುಡುಗಿಯ ಸೋದರಮಾವ, ಕುವೈತಿನದೇ ಅಬು ಹಲೀಫಾದಲ್ಲಿರುವವರು, ತೈಲ ಕಂಪನಿಯಲ್ಲಿ ಸೂಪರ್‌ವೈಸರ್. ಹುಡುಗ ನಿಜಕ್ಕೂ ಸಂಜೆ ಏನು ಮಾಡುತ್ತಾನೆಂದು ಕಣ್ಣಾರೆ ನೋಡಿ ಬರಲು ಊರಿನಿಂದ ಅಪ್ಪಣೆಯಾಗಿತ್ತು.

ಹೊರಗೆ ಸಂಜೆಯಲ್ಲೂ ಕಾದ ಹೆಂಚಿನಂಥ ಸೆಕೆ. ಅವರು ಅರ್ಧ ತೋಳಿನ ಅಂಗಿಯಲ್ಲೇ ಒಳಗೆ ಬಂದರು. ಐದು ನಿಮಿಷದಲ್ಲಿ ಹಲ್ಲು ಕಟಕಟ ಶುರುವಾಯಿತು. ನನ್ನ ಕಾರಿನಲ್ಲಿದ್ದ ಕಂಬಳಿ ತಂದು ಹೊದೆಸಿದೆ. ಕಂಬಳಿಯೊಳಗಿಂದಲೇ ಫೋನ್ ಹೊರತೆಗೆದು ಭಾವನಿಗೆ ವಿಡಿಯೋ ಕರೆ ಮಾಡಿದರು.

"ನೋಡಿ ಭಾವ, ನಿಜವಾದ ಐಸೇ. ಹುಡುಗ ಸುಳ್ಳು ಹೇಳಲಿಲ್ಲ."

ಅಷ್ಟರಲ್ಲಿ ಆಟಗಾರರು ಕೈಗವಸು ಬಿಸಾಕಿ ಹೊಡೆದಾಟಕ್ಕೆ ಇಳಿದರು. ಒಬ್ಬ ಜಾರಿ ಬಿದ್ದ, ಅವನ ಮೇಲೆ ಇನ್ನೊಬ್ಬ ಬಿದ್ದ. ಊರಿನಲ್ಲಿ ಹುಡುಗಿಯ ಅಪ್ಪ ಫೋನಿನಲ್ಲಿ ಇದನ್ನೆಲ್ಲ ಗಮನವಿಟ್ಟು ನೋಡಿದರು.

"ಐಸು ಕಂಡಿತು," ಎಂದರು. "ಕುಡಿದವರೂ ಕಂಡರು. ಬಾಟ್ಲಿ ಎಲ್ಲಿಟ್ಟಿದ್ದಾರೆ, ಅದನ್ನು ತೋರಿಸು."

ಕೊನೆಯ ಗೋಲ್

ಐದನೆಯ ಪಂದ್ಯದ ಹೊತ್ತಿಗೆ ಸ್ಟೋರ್‌ಕೀಪರ್ ಮರುದಿನದ ಮಂಗಳೂರು ವಿಮಾನಕ್ಕೆ ಟಿಕೆಟ್ ಮಾಡಿಸಿಬಿಟ್ಟಿದ್ದ. ಅದು ತಪ್ಪಿದರೆ ಮುಹೂರ್ತಕ್ಕೆ ಮುಟ್ಟುವುದಿಲ್ಲ. ಸೋದರಮಾವನೂ ಬಂದಿದ್ದರು. ಈ ಸಲ ಯಾರೂ ಕಳಿಸಿರಲಿಲ್ಲ. ಕಂಬಳಿ ಅವರೇ ತಂದಿದ್ದರು, ರೆಫರಿ ಮಾಡುವ ತಪ್ಪುಗಳನ್ನು ಅಕ್ಕಪಕ್ಕದವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದರು.

ಸಮಯ ಮುಗಿದಾಗ ಮೂರು ಮೂರು ಗೋಲು, ಸಮ. ಇನ್ನು ಯಾರು ಒಂದು ಗೋಲ್ ಹೊಡೆದರೂ ಅಲ್ಲಿಗೆ ಖಲಾಸ್. ಸ್ಟೋರ್‌ಕೀಪರ್ ಎದ್ದು ನಿಂತ. ಕೆಂಪಿನವರು ನುಗ್ಗಿದಾಗ "ಹೊಡಿ!" ಎಂದ. ನೀಲಿಯವರು ನುಗ್ಗಿದಾಗ "ಹೊಡಿ!" ಎಂದ. ಗೋಲ್‌ಕೀಪರ್ ತಡೆದಾಗಲೆಲ್ಲ, ಯಾವ ಕಡೆಯವನೇ ಆಗಲಿ, ತಲೆ ತಲೆ ಚಚ್ಚಿಕೊಂಡ.

ಕೊನೆಗೆ ಸಣ್ಣ ಮುದೀರ್ ಬೀಸಿದ ಹೊಡೆತಕ್ಕೆ ಪಕ್ ಎಂಬ ಆ ರಬ್ಬರ್ ಬಿಲ್ಲೆ ದೊಡ್ಡ ಮುದೀರರ ಕಾಲ ಸಂದಿಯಲ್ಲಿ ನುಸುಳಿ ಬಲೆಗೆ ಬಿತ್ತು. ನಾವು ಎಚ್ಚರಿಕೆಯಿಂದ ಸುಮ್ಮನಿದ್ದೆವು. ಸ್ಟೋರ್‌ಕೀಪರ್ ಒಬ್ಬ ಕುಣಿಯುತ್ತ ಕೆಳಗೆ ಓಡಿದ. ಅವನನ್ನು ಹಿಡಿಯಲು ನಾನೂ ಸೋದರಮಾವನೂ ಹಿಂದೆ ಹೋದೆವು.

ದೊಡ್ಡ ಮುದೀರ್ ಮುಖವಾಡ ತೆಗೆದರು. "ನಾನು ಸೋತದ್ದಕ್ಕೆ ನಿನಗೆ ಇಷ್ಟು ಖುಷಿಯಾ?"

"ಅಯ್ಯೋ ಇಲ್ಲ ಮುದೀರ್, ನಿಮ್ಮವರು ಹೊಡೆದಿದ್ದರೂ ಕುಣಿಯುತ್ತಿದ್ದೆ. ನಾಳೆ ನನಗೆ ವಿಮಾನ. ಮದುವೆ ಉಂಟು."

ದೊಡ್ಡ ಮುದೀರ್ ಒಂದು ಗಳಿಗೆ ಯೋಚಿಸಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಗೊತ್ತು. ನಿನ್ನ ಮದುವೆ ನಿಲ್ಲಬಾರದೆಂದೇ ಆ ಗೋಲ್ ಬಿಟ್ಟುಕೊಟ್ಟೆ. ಹೋಗು, ನನ್ನ ಕಡೆಯಿಂದ ರಜೆ."

ಕಪ್ ಎತ್ತಲು ಹೊರಟಿದ್ದ ಸಣ್ಣ ಮುದೀರ್ ಗಕ್ಕನೆ ತಿರುಗಿದರು. "ಬಿಟ್ಟುಕೊಟ್ಟದ್ದಾ? ಅದು ನಾನು ಹೊಡೆದ ಗೋಲ್!" ಸ್ಟೋರ್‌ಕೀಪರ್ ಕಡೆ ಕೈ ತೋರಿಸಿದರು. "ನೀನೇ ಹೇಳು. ನಾನು ಹೊಡೆದದ್ದೋ, ಇವನು ಬಿಟ್ಟದ್ದೋ? ಆಮೇಲೆ ರಜೆಯ ಮಾತು."

ಹೊಡೆದದ್ದು ಎಂದರೆ ಅಣ್ಣನ ರಜೆ ಹೋಯಿತು, ಬಿಟ್ಟದ್ದು ಎಂದರೆ ತಮ್ಮನದು. ಸ್ಟೋರ್‌ಕೀಪರ್ ನನ್ನ ಮುಖ ನೋಡಿದ. ನಾನು ಐಸ್ ನೋಡಿದೆ.

"ನಾನು... ಕಣ್ಣು ಮುಚ್ಚಿ ದೇವರಿಗೆ ಕೈಮುಗಿಯುತ್ತಿದ್ದೆ ಮುದೀರ್."

"ಯಾರು ಗೆಲ್ಲಲಿ ಅಂತ?"

"ಯಾರಾದರೂ ಅಂತ."

ಇಬ್ಬರಿಗೂ ಸಮಾಧಾನವಾಗಲಿಲ್ಲ. ಕಂಬಳಿ ಹೊದ್ದ ಸೋದರಮಾವನತ್ತ ತಿರುಗಿದರು. "ನೀವು ಹೊರಗಿನವರು, ವಯಸ್ಸಾದವರು. ನೀವು ಹೇಳಿ."

ನನಗೆ ಹೋದ ಜೀವ ಬಂತು. ಸೋದರಸೊಸೆಯ ಮದುವೆ, ಹೇಗಾದರೂ ತೇಪೆ ಹಾಕಿಯಾರು ಎಂದುಕೊಂಡೆ. ಅವರು ಕಂಬಳಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಇವರು ಬಿಟ್ಟದ್ದೂ ಅಲ್ಲ, ಅವರು ಹೊಡೆದದ್ದೂ ಅಲ್ಲ. ಪಕ್ ಐಸಿನ ಮೇಲಿನ ಆ ನೀಲಿ ಗೆರೆ ದಾಟುವ ಮೊದಲೇ ಅವರ ಕಾಲು ದಾಟಿತ್ತು. ಆಫ್‌ಸೈಡ್. ಗೋಲೇ ಅಲ್ಲ. ಮ್ಯಾಚ್ ಇನ್ನೊಮ್ಮೆ ಆಡಿಸಬೇಕು."

"ಮಾವಾ!" ಎಂದ ಸ್ಟೋರ್‌ಕೀಪರ್.

"ಮದುವೆ ಮುಂದೆ ಹಾಕಬಹುದು ಮಾರಾಯ. ಆಫ್‌ಸೈಡ್ ಗೋಲನ್ನು ಒಪ್ಪಲಿಕ್ಕೆ ಆಗ್ತದಾ?"

ಗೋಲೇ ಅಲ್ಲ ಎಂದರೆ ತಮ್ಮನ ಕಪ್ಪೂ ಹೋಯಿತು, ಅಣ್ಣನ ದೊಡ್ಡತನವೂ ಹೋಯಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐಸಿನ ಮೇಲೆ ಅವರು ಒಂದೇ ಕಡೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಲ್ಲಾ, ನಾಳೆಯೇ ಹೊರಡು. ರಜೆ ಕೊಟ್ಟೆವು," ಎಂದರು ತಮ್ಮ.

"ಎರಡು ತಿಂಗಳು ಬೇಕಾದರೂ ಇದ್ದು ಬಾ," ಎಂದರು ಅಣ್ಣ. "ಹೋಗುವಾಗ ಈ ಮನುಷ್ಯನನ್ನೂ ಕರೆದುಕೊಂಡು ಹೋಗು."