ನಾಯಕಿಗೆ ಉಡಿ ತುಂಬಲು ಹೊರಟ ನಮ್ಮತ್ತೆ

ನಮ್ಮ ಸೋದರತ್ತೆಗೆ ತಾನು ಹುಟ್ಟಿದ ವರ್ಷ ಗೊತ್ತಿಲ್ಲ, ಮದುವೆಯಾದ ವರ್ಷವೂ ಗೊತ್ತಿಲ್ಲ. ಆದರೆ ಒಬ್ಬ ಪ್ರಸಿದ್ಧ ಚಿತ್ರನಟಿ ಯಾವ ಸಿನಿಮಾದಲ್ಲಿ ಎಷ್ಟು ಸೀರೆ ಬದಲಿಸಿದ್ದಾಳೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ! ಐವತ್ತು ವರ್ಷಗಳಿಂದ ಆ ನಟಿ ಅಭಿನಯಿಸುತ್ತಿದ್ದಾಳೆ; ಐವತ್ತು ವರ್ಷಗಳಿಂದ ಕಮಲಾಪುರದಲ್ಲಿ ಕುಳಿತು ನಮ್ಮತ್ತೆ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಳೆ. ನಟಿಗೆ ಈ ವಿಷಯ ತಿಳಿದಿರಲಿಲ್ಲ, ಅಷ್ಟೇ.

ಆ ನಟಿ ತಾಯಿಯ ಪಾತ್ರ ಒಪ್ಪಿಕೊಂಡ ಸುದ್ದಿ ಬಂದ ದಿನ ಅತ್ತೆಯ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅದೂ ಯಾರಿಗೆ ತಾಯಿ? ಹಿಂದೆ ಜೊತೆಗೆ ಕುಣಿದ ನಾಯಕನಿಗೇ!

“ಮೊನ್ನಿ ಮೊನ್ನಿ ಅವನ ಜೋಡಿ ಗಿಡ ಸುತ್ತಿದಾಕಿ, ಈಗ ಅವನಿಗೇ ಅವ್ವ ಆದ್ರ ಹ್ಯಾಂಗ?” ಎಂದು ಗುಡುಗಿದಳು.

“ಸಿಟ್ಟು ಆಕಿ ಮ್ಯಾಲ, ಉಪಾಸ ನನಗ್ಯಾಕ?” ಎಂದರು ಮಾವ. ಆದರೂ ಕಲಬುರಗಿಗೆ ಕರೆತಂದು ಆ ಸಿನಿಮಾ ತೋರಿಸಿದವರೂ ಅವರೇ. ಅತ್ತೆ ಮೂಗು ಒರೆಸಿಕೊಳ್ಳುತ್ತ ಹೊರಬಂದಳು. “ಅವ್ವನ ಪಾರ್ಟ್ ಅಂದ್ರ ಹಿಂಗ ಮಾಡ್ಬೇಕು ನೋಡ್ರಿ!”

ಆ ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಚೆಗೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಸೀರೆ ಅಂಗಡಿಯ ಉದ್ಘಾಟನೆಗೆ ಆ ನಟಿ ಬರುತ್ತಾಳೆಂದು ಇಲ್ಲೇ ಇರುವ ನಾನು ಅತ್ತೆಗೆ ಫೋನ್ ಮಾಡಿದೆ.

“ನಮ್ಮ ಕಡೆ ಬಂದ ಹೆಣ್ಮಗಳನ್ನ ಬರಿಗೈಲೆ ಕಳಸ್ತಾರೇನು? ಉಡಿ ತುಂಬತೀನಿ!” ಎಂದಳು ಅತ್ತೆ.

ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಇಟ್ಟು ಹರಸುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಆದರೆ ಗಂಡ ಹೋದವರು ಉಡಿ ತುಂಬುವಂತಿಲ್ಲ, ತುಂಬಿಸಿಕೊಳ್ಳುವಂತೆಯೂ ಇಲ್ಲ. ಬಸುರಿಯಾಗಿದ್ದ ಸ್ವಂತ ಮಗಳ ಕುಬಸದ ದಿನ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಈಗ ಅದನ್ನು ನೆನಪಿಸುವ ಧೈರ್ಯ ಯಾರಿಗಿತ್ತು? ನನಗಂತೂ ಇರಲಿಲ್ಲ.

ಉಡಿಯ ಚೀಲಕ್ಕೆ ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಸೇರಿಸಿ, ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿದಳು. ಮಹಾಗಾಂವದಲ್ಲಿ ಜನ ತುಂಬಿದರೂ ಎತ್ತಲಿಲ್ಲ.

“ಅವ್ವಾರ, ಚೀಲಕ್ಕ ಟಿಕೇಟ್ ತಗಸ್ರಿ,” ಎಂದ ಕಂಡಕ್ಟರ್.

“ಇದು ಆಕಿದು. ಹೆಣ್ಮಕ್ಕಳಿಗೆ ಫ್ರೀ ಐತಿಲ್ಲೋ?”

“ಹಂಗಾರ ಆಕಿ ಆಧಾರ್ ಕಾರ್ಡ್ ತೋರ್ಸ್ರಿ!”

ಜೀವಮಾನದಲ್ಲಿ ಮೊದಲ ಸಲ ಅತ್ತೆ ಸೋತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳಂತೆ.

ಬಸ್ ಸ್ಟ್ಯಾಂಡಿನಿಂದ ನಾನೇ ಅವಳನ್ನು ಕರೆದೊಯ್ದೆ. ಅಂಗಡಿಯ ಬಾಗಿಲಲ್ಲಿ ಕಾವಲುಗಾರ ಪಾಸ್ ಕೇಳಿದ. “ಐವತ್ತು ವರ್ಷ ಟಿಕೇಟ್ ತಗಸೀನಿ, ಇನ್ಯಾವ ಪಾಸ್ ಬೇಕೋ ನಿನಗ?” ಎಂದವಳೇ ನುಗ್ಗಿದಳು. ನಾನು ಹಿಂದೆ ಓಡಿದೆ.

ಬೆಳ್ಳಿಗೂದಲಿನ ಆ ನಟಿ ಎದುರಿಗೇ ಇದ್ದಳು. ಅತ್ತೆ “ನಿಮಗ ಉಡಿ ತುಂಬಾಕ ಬಂದೀನ್ರಿ” ಎಂದಳು. ಸುತ್ತಲೂ ಕುಂಕುಮದ ತಟ್ಟೆ ಹಿಡಿದು ನಿಂತ ಹೆಂಗಸರು ಅತ್ತೆಯ ಬರಿ ಹಣೆಯನ್ನು ನೋಡಿದರು. ಅತ್ತೆಯ ಮುಖ ಇಳಿಯಿತು. ಚೀಲವನ್ನು ನನ್ನ ಕೈಗೆ ತುರುಕಿದಳು.

“ನೀನ ತುಂಬವ್ವ.”

“ಯಾಕಮ್ಮ? ತಂದವರು ನೀವಲ್ವಾ?” ಎಂದಳು ನಟಿ.

“ನಮ್ಮವರು ಇಲ್ಲರೀ.”

ನಟಿ ಒಂದು ಹೆಜ್ಜೆ ಮುಂದೆ ಬಂದಳು. “ನಮ್ಮವರೂ ಇಲ್ಲಮ್ಮ. ಅವರು ಹೋದಮೇಲೆ ಯಾರೂ ನನ್ನ ಮಡಿಲು ತುಂಬಿಲ್ಲ. ನೀವೇ ತುಂಬಿ,” ಎಂದು ಅಷ್ಟು ಜನರ ಎದುರಿಗೆ ಸೆರಗು ಚಾಚಿದಳು.

ಐದು ಹಿಡಿ ಅಕ್ಕಿ ಹಾಕಬೇಕು. ಅತ್ತೆ ಎಷ್ಟು ಹಾಕಿದಳೋ! ಚೀಲ ಬರಿದಾದರೂ ಅವಳ ಕೈ ಒಳಗೇ ತಡಕಾಡುತ್ತಿತ್ತು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ನಟಿ ತನ್ನ ಉಡಿಯಿಂದಲೇ ಒಂದು ಹಿಡಿ ಅಕ್ಕಿ ತೆಗೆದು, “ಈಗ ನಿಮ್ಮ ಸೆರಗು ಹಿಡೀರಿ,” ಎಂದಳು.

ಯಾರಿಗೂ ಅಂಜದ ನಮ್ಮತ್ತೆ, ಹಿಡಿಯಲೇ ಎಂಬಂತೆ ನನ್ನ ಮುಖ ನೋಡಿದಳು. ನಾನು ಅವಳ ಸೆರಗಿನ ಅಂಚು ಬಿಡಿಸಿ ಕೈಗೆ ಕೊಟ್ಟೆ.