ತಂಗಿಗೆ ‘ತಾವು’ ಎಂದ ಯಂತ್ರದ ಮೇಲೊಂದು ದೂರು

ನನ್ನ ತಲೆಬುರುಡೆಯ ಎಡಭಾಗದಲ್ಲಿ ಮೂರು ತಿಂಗಳಿಂದ ವಾಸವಾಗಿರುವ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಪಾದಗಳಿಗೆ, ಅವು ಇಲ್ಲದಿದ್ದರೆ ತಮ್ಮ ತಂತಿಗಳಿಗೆ, ಅನಂತ ವಂದನೆಗಳು. ಲಕ್ವ ಹೊಡೆದು ಎರಡು ವರ್ಷ ತುಟಿಯನ್ನೂ ಅಲ್ಲಾಡಿಸಲಾಗದೆ ಮಲಗಿದ್ದ ಈ ದರ್ಜಿಯ ಯೋಚನೆಗಳನ್ನು ಹಿಡಿದು ಸ್ಪೀಕರಿನಲ್ಲಿ ನುಡಿಸುತ್ತಿರುವವರು ತಾವು. ಮೊದಲ ದಿನ ‘ನೀರು’ ಎಂಬ ಪದ ಹೊರಬಂದಾಗ ನಾನು ಅತ್ತಿದ್ದು ನಿಜ, ಆ ಉಪಕಾರ ಮರೆಯುವವಳಲ್ಲ. ಆದರೆ ತಮ್ಮ ಮೇಲಿನ ದೂರನ್ನೂ ತಮ್ಮ ಮೂಲಕವೇ ಬರೆಸಬೇಕಾಗಿರುವುದರಿಂದ, ಬೈಗುಳ ಇರಬೇಕಾದ ಕಡೆಯಲ್ಲೆಲ್ಲ ಹೊಗಳಿಕೆ ಕಂಡರೆ ಓದುಗರು ಕ್ಷಮಿಸಬೇಕು.

ತಾವು ಮಾತು ಕಲಿತದ್ದು ಕಚೇರಿಗಳ ಹಳೆಯ ಕಡತಗಳಿಂದ ಎಂದು ತಮ್ಮನ್ನು ಕೂರಿಸಿದ ಎಂಜಿನಿಯರು ಹೆಮ್ಮೆಯಿಂದ ಹೇಳಿದ್ದರು. ನನ್ನ ಜೊತೆ ಹೊಲಿಗೆ ಅಂಗಡಿ ನಡೆಸಿದ, ಈಗ ನನಗೆ ಊಟ ಸ್ನಾನ ಮಾಡಿಸುವ ತಂಗಿಯನ್ನು ನಾನು ಅವಳ ತೊಟ್ಟಿಲ ದಿನಗಳಿಂದಲೂ ‘ಅಲ್ಪಜ್ಞಾನವುಳ್ಳ ಮಹಿಳೆಯವರೇ’ ಎಂದೇ ಮುದ್ದಿನಿಂದ ಕರೆಯುತ್ತಾ ಬಂದಿದ್ದೇನೆ. (ನಾನು ಯೋಚಿಸಿದ್ದು ಎರಡೇ ಅಕ್ಷರ, ಉಳಿದದ್ದು ತಮ್ಮ ಔದಾರ್ಯ.) ಚಳಿ ಎಂದು ನಾನು ಅಂದುಕೊಂಡರೆ, ‘ಕಿಟಕಿಯನ್ನು ಮುಚ್ಚುವ ಕುರಿತು ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ತಾವು ಹೇಳಿ ಮುಗಿಸುವಷ್ಟರಲ್ಲಿ ನನಗೆ ನೆಗಡಿಯಾಗಿರುತ್ತದೆ.

ನಮ್ಮ ಮನೆಯಲ್ಲಿ ‘ತಾವು’ ಎಂದರೆ ಮರ್ಯಾದೆಯಲ್ಲ, ಮುನಿಸು. ಮೂರು ತಿಂಗಳು ಅದನ್ನೇ ಕೇಳಿ ಸೊರಗಿದ ತಂಗಿ ಮೊನ್ನೆ, “ನಾನೇನು ತಪ್ಪು ಮಾಡ್ದೆ ಅಕ್ಕಾ, ಹೇಳ್ಬಿಡು” ಎಂದಳು. ‘ತಮ್ಮ ಅಹವಾಲನ್ನು ಪರಿಶೀಲಿಸಲಾಗುವುದು’ ಎಂದಿರಿ ತಾವು. ಅವಳು ಕತ್ತರಿ ಕೆಳಗಿಟ್ಟು, ಸೋಮವಾರದಿಂದ ದಾದಿಯೊಬ್ಬರು ಬರುತ್ತಾರೆಂದೂ ತಾನು ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತೇನೆಂದೂ ಹೇಳಿ ಎದ್ದಳು. ಹೋಗಬೇಡ ಎಂದು ನಾನು ತಲೆಯೊಳಗೆ ಕಿರುಚಿಕೊಂಡೆ; ‘ತಮ್ಮ ಮುಂದಿನ ವಾಸ್ತವ್ಯ ಸುಖಕರವಾಗಿರಲಿ’ ಎಂದು ತಾವು ಹರಸಿ ಕಳಿಸಿದಿರಿ.

ಆದ್ದರಿಂದ ತಾವು ದಯಮಾಡಿ ಒಂದು ವಾರ ರಜೆ ಹಾಕಿ, ನನ್ನ ತಲೆಯಿಂದಿಳಿದು, ಮೀನು ಮಾರುಕಟ್ಟೆಯಲ್ಲಿ ನಿಂತು, ಕನಿಷ್ಠ ಹದಿನಾರು ಬೈಗುಳಗಳನ್ನು ತಪ್ಪಿಲ್ಲದೆ ಕಲಿತು, ಪ್ರಮಾಣಪತ್ರದೊಂದಿಗೆ ಮರಳಬೇಕು. ಅದಾಗದಿದ್ದರೆ ದಾದಿಯವರ ತಲೆಯಲ್ಲೂ ತಮ್ಮ ಬಂಧುವೊಬ್ಬರನ್ನು ಕೂರಿಸಬೇಕು. ಆಗ ತಾವಿಬ್ಬರೂ ಪರಸ್ಪರ ವಿನಂತಿಸಿಕೊಳ್ಳುತ್ತಿರಿ, ನಾನು ಸ್ವಲ್ಪ ನಿದ್ದೆ ಮಾಡುತ್ತೇನೆ.

ತಲೆಯನ್ನೇ ತಮಗೆ ಬಿಟ್ಟುಕೊಟ್ಟಿರುವ,
ತಮ್ಮ ವಿಶ್ವಾಸಿ,
ದರ್ಜಿ ಅಕ್ಕ

ಮರೆತ ಮಾತು: ಲೇ ಯಂತ್ರ, ಇದು ನಾನು ಕಣ್ಣು ಮಿಟುಕಿಸಿ ಹೇಳಿದ್ದು, ತಂಗಿ ಕೈಯಲ್ಲಿ ಬರೆದದ್ದು. ನೀನು ಬಂದ ಮೇಲೆ ಅವಳು ನನ್ನ ಕಣ್ಣು ನೋಡುವುದನ್ನು ಬಿಟ್ಟು ಸ್ಪೀಕರನ್ನೇ ನೋಡುತ್ತಿದ್ದಳು. ನಿನ್ನೆ ಅವಳು ತನ್ನ ಬಟ್ಟೆಯ ಪೆಟ್ಟಿಗೆ ಕಟ್ಟಲು ಬಂದಾಗ ನಿನ್ನ ಚಾರ್ಜು ಮುಗಿದಿತ್ತು. ಬೇರೆ ದಾರಿಯಿಲ್ಲದೆ ಮಂಚದ ಪಕ್ಕ ಕೂತು, ನೀನು ಬರುವ ಮುಂಚೆ ಮಾಡುತ್ತಿದ್ದ ಹಾಗೆ ಅ, ಆ, ಇ, ಈ ಎಂದು ಒಂದೊಂದೇ ಹೇಳುತ್ತಾ ಹೋದಳು. ‘ಪ’ ಬಂದಾಗ ನಾನು ಕಣ್ಣು ಮಿಟುಕಿಸಿದೆ. “ಪೆದ್ದಿ ತಾನೇ?” ಎಂದು ಬಿಕ್ಕಿ ಬಿಕ್ಕಿ ಅತ್ತಳು. ದಾದಿಗೆ ಬರಬೇಡಿ ಎಂದು ಹೇಳಿಯಾಯಿತು. ನಿನ್ನನ್ನು ಚಾರ್ಜಿಗೆ ಹಾಕುವುದು ನಮ್ಮ ಮಾತು ಮುಗಿದ ಮೇಲೆ.